ವೆಂಡೆಲ್‌ನ ಐದನೆಯ ತುಂಡು

ನವೆಂಬರ್ ೧೪, ೧೯೮೯. ಮಂಗಳವಾರ.

ವೆಂಡೆಲ್‌ನ ಐದನೆಯ ತುಂಡು ಇವತ್ತು ಬಂತು. ಅವನನ್ನು ಮಣ್ಣು ಮಾಡಿ ಆಗಲೇ ಎರಡು ವಾರ.

ಈ ಹಾಳು ಕಂಪ್ಯೂಟರ್ ಜಾಲದಲ್ಲಿ ಅಕ್ಷರ ಬಿಟ್ಟು ಬೇರೇನೂ ಸಾಗುವುದಿಲ್ಲ. ಅದಕ್ಕೇ ಅವನು ತಾನು ಬರೆದ ಚದುರಂಗದಾಟವನ್ನು ಅಕ್ಷರಗಳಾಗಿಸಿ, ಐದು ತುಂಡು ಮಾಡಿ ತನ್ನೂರು ಡುಲುತ್‌ನಿಂದ ಕಳಿಸಿದ್ದ. ನಾಲ್ಕೇ ಬಂದವು. ಒಂದು ಕಡಿಮೆಯಾದರೂ ಆಟ ತೆರೆಯದು. ಜಾಲದಲ್ಲಿ ಆಟಕ್ಕಾಗಿ ಕಾಯುತ್ತಿದ್ದ ನಮ್ಮ ಚದುರಂಗದ ಗುಂಪಿನವರೆಲ್ಲ ಅವನನ್ನು ಬೈದು ಬರೆದರು. ಇಲ್ಲಿ ಲ್ಯಾಬಿನಲ್ಲಿ ಲೋರ್ನಾ ಕೂಡ, "ನಿನ್ನ ಗೆಳೆಯ ಕೊನೇ ತುಂಡನ್ನ ದಿಂಬಿನ ಕೆಳಗಿಟ್ಕೊಂಡು ಮಲಗಿದಾನೆ ಕಣೇ" ಎಂದು ನಗುತ್ತಿದ್ದಳು. ಆಗ ಅವನು ಆಸ್ಪತ್ರೆಯಲ್ಲಿದ್ದ ಎಂದು ಅವನ ಅಕ್ಕನಿಂದ ತಿಳಿದದ್ದು ಆಮೇಲೆ.

ಪಾಪ, ಅವನು ಕಳಿಸಿಯೇ ಇದ್ದ. ನಡುವೆ ಯಾವುದೋ ಊರಿನ ಕಂಪ್ಯೂಟರ್ ಕೆಟ್ಟು ಅದು ಅಲ್ಲೇ ಸಿಕ್ಕಿಕೊಂಡಿತ್ತು.

"ಬಾರೇ ಇಲ್ಲಿ, ಬಂದಿದೆ" ಎಂದು ಲೋರ್ನಾ ಕರೆದಳು. ಐದನ್ನೂ ಜೋಡಿಸಿದೆ. ಆಟ ತೆರೆಯಿತು. ಆಡಲು ಕೈ ಬರಲಿಲ್ಲ.

ಪ್ರತಿ ತುಂಡಿನ ತಲೆಯಲ್ಲೂ ಅವನದೊಂದು ಮಾತು ಇರುತ್ತಿತ್ತು. ಇದರ ಮೇಲೆ ಹೀಗಿದೆ: "ಇದೇ ಕೊನೇದು. ಎಲ್ಲಾ ಸಿಕ್ತು ಅಂತ ಯಾರಾದ್ರೂ ಹೇಳ್ರಪ್ಪಾ, ಅಲ್ಲೀವರ್ಗೂ ನಂಗೆ ನಿದ್ದೆ ಬರಲ್ಲ."

ಸಿಕ್ಕಿತು, ವೆಂಡೆಲ್. ಎಲ್ಲಾ ಸಿಕ್ಕಿತು. ಇನ್ನು ಮಲಗು.