ಒಂದೇ ಕರೆಗಂಟೆಗೆ ಎರಡು ಕಾರ್ಡು

ಮಹಡಿ ಕೋಣೆ, ಅಪ್ಪನ ಮೇಜು
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಸನ್ಮಾನ್ಯ ಸಭಾಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಸ್ಕ್ರೂಡ್ರೈವರೇ, ಮುಂದಿನ ಸಾಲಿನಲ್ಲಿ ಮುಖ ಊದಿಸಿಕೊಂಡು ಕುಳಿತಿರುವ ಎರಡು ಸೌಂಡ್ ಕಾರ್ಡುಗಳೇ, ಮತ್ತು ಈ ಸಭೆಯಿಂದ ತಪ್ಪಿಸಿಕೊಂಡಿರುವ ನನ್ನ ಪ್ರೀತಿಯ ತಮ್ಮಾ,

ಮೊದಲು ನಿನ್ನ ಆರೋಗ್ಯದ ಮಾತು. ಗಣಿಯ ದೂಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೇ? ಎಡ ಭುಜದ ನೋವು ಹೇಗಿದೆ? ನಿನ್ನ ಫೋನ್ ನಂಬರು ಚಾಲ್ತಿಯಲ್ಲಿಲ್ಲ ಎಂದು ಒಬ್ಬ ಹೆಂಗಸು ದಿನಕ್ಕೆ ನಾಲ್ಕು ಸಲ ನನಗೆ ಬಹಳ ಮರ್ಯಾದೆಯಿಂದ ತಿಳಿಸುತ್ತಾಳೆ. ಅದಕ್ಕೇ ಗಣಿ ಕಚೇರಿಯ ವಿಳಾಸಕ್ಕೆ ಈ ಕಾಗದ. ಎಂಟು ತಿಂಗಳ ಹಿಂದೆ ನೀನು ಹೊರಟಾಗ ನಾನಾಡಿದ ಮಾತನ್ನು ನೀನು ಮರೆತಿರಲಾರೆ. "ಗಂಟೆ ಹೇಳೋ ಡಬ್ಬ ಜೋಡಿಸಿಟ್ಟ ಮಾತ್ರಕ್ಕೆ ಮಗನ ಕೆಲಸ ಮುಗೀತಾ? ಸ್ನಾನ ಮಾಡ್ಸೋನು ನಾನು, ಮಾತ್ರೆ ಕೊಡೋನು ನಾನು" ಎಂದಿದ್ದೆ. ಈಗ ಅದೇ ಡಬ್ಬದ ಮುಂದೆ ಕೈಕಟ್ಟಿ ನಿಂತಿದ್ದೇನೆ. ಅಪ್ಪನ ಕಂಪ್ಯೂಟರು ಮೂಕವಾಗಿ ಇವತ್ತಿಗೆ ಹನ್ನೊಂದು ದಿನ.

ಅದು ಮೂಕವಾದರೆ ಏನೆಂದು ನಿನಗೆ ಗೊತ್ತು. ಕಣ್ಣು ಹೋದ ಮೇಲೂ ಅಪ್ಪ ಗಡಿಯಾರ ರಿಪೇರಿ ಬಿಟ್ಟವರಲ್ಲ. ಕಂಪ್ಯೂಟರಿನ ಕೀಲಿಮಣೆಯ ದೊಡ್ಡ ಕೀಲಿ ಒತ್ತುವುದು, ನೀನು ಧ್ವನಿ ಕೊಟ್ಟು ತುಂಬಿಸಿಟ್ಟ "ಅಪ್ಪಾ, ಗಂಟೆ ನಾಲ್ಕು, ಹತ್ತು ನಿಮಿಷ" ಕೇಳುವುದು, ಗಡಿಯಾರದ ಗಾಜು ತೆಗೆದು ಬೆರಳ ತುದಿಯಿಂದ ಮುಳ್ಳು ಮುಟ್ಟಿ ತಾಳೆ ನೋಡುವುದು. ವಾರಕ್ಕೆ ಬರುವುದು ಎರಡೇ ಗಡಿಯಾರ, ಕೀಲಿ ಒತ್ತುವುದು ದಿನಕ್ಕೆ ನಲವತ್ತು ಸಲ. ನಾನು ಎಣಿಸಿದ್ದೇನೆ.

ನಡೆದದ್ದಿಷ್ಟು. ಕಂಪ್ಯೂಟರಿಗೆ ದನಿ ಕೊಡುವ ಹಳೆಯ ಕಾರ್ಡು ಕರಕರ ಅನ್ನುತ್ತಿತ್ತು. ನಾನೊಂದು ಹೊಸದನ್ನು ತಂದೆ. ಹಳೆಯದನ್ನು ಕೀಳದೆ ಪಕ್ಕದಲ್ಲೇ ಸಿಕ್ಕಿಸಿದೆ, ಇಬ್ಬರಿದ್ದರೆ ಜೋರಾಗಿ ಕೇಳಿಸೀತು ಎಂಬ ಮಹಾಜ್ಞಾನದಿಂದ. ಅಂಗಡಿಯವನು ಆಮೇಲೆ ನಕ್ಕ: "ಏನ್ ಸಾರ್, ಎರಡು ಕನ್ನಡಕ ಹಾಕ್ಕೊಂಡ್ರೆ ಡಬಲ್ ಕಾಣ್ಸುತ್ತಾ?" ನೀನು ಬಿಟ್ಟುಹೋದ ನೋಟುಪುಸ್ತಕ ತೆರೆದೆ. ಮುದ್ರಣಾಲಯದಲ್ಲಿ ಇಪ್ಪತ್ತು ವರ್ಷ ಕರಡು ತಿದ್ದಿದವನಿಗೆ ನಿನ್ನ ಕೈಬರಹವೇ ಮೊದಲ ಶಿಕ್ಷೆ. ಒಳಗಿನ ಯಜಮಾನನನ್ನು ಕರೆಯಲು ಪ್ರತಿ ಕಾರ್ಡಿಗೂ ಒಂದು ಕರೆಗಂಟೆಯ ನಂಬರು ಇರುತ್ತದೆ ಎಂದು ಬರೆದಿದ್ದೀಯ. ಕಪ್ಪು ಪರದೆಯ ಮೇಲೆ ನಿನ್ನ ಲಿನಕ್ಸ್ ಕಮಾಂಡು ಹೊಡೆದು ನೋಡಿದರೆ ಎರಡೂ ಐದನೇ ನಂಬರನ್ನೇ ಹಿಡಿದು ನೇತಾಡುತ್ತಿವೆ! ಯಾರು ಕರೆದರೆಂದು ತಿಳಿಯದ ಯಜಮಾನ ಇಬ್ಬರಿಗೂ ಬಾಗಿಲು ತೆರೆಯಲಿಲ್ಲ. ಅಪ್ಪನ ಚಿಮಟ ಇಸಿದುಕೊಂಡು, ಹೊಸ ಕಾರ್ಡಿನ ಮೇಲೆ ಈ ನಂಬರನ್ನು ಗೊತ್ತುಮಾಡುವ, ಜೋಳದ ಕಾಳಿನಷ್ಟು ಪ್ಲಾಸ್ಟಿಕ್ ಟೋಪಿಯನ್ನು ಏಳಕ್ಕೆ ಬದಲಿಸಿದೆ. ಅಲ್ಲಿ ಪ್ರಿಂಟರು ಕೂತಿತ್ತು. ಹತ್ತಕ್ಕೆ ಹಾಕಿದೆ. ಅಲ್ಲಿ ಇನ್ನಾವುದೋ ಇತ್ತು. ಐದಕ್ಕಿಟ್ಟರೆ ಜಗಳೆ, ಹತ್ತಕ್ಕಿಟ್ಟರೆ ರಗಳೆ; ಪ್ರಾಸಕ್ಕಾಗಿ ಜಗಳದ ಬಾಲ ಎಳೆದಿದ್ದೇನೆ, ಕ್ಷಮಿಸು. ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶ ಇಳಿಸಿದೆ, ಏರಿಸಿದೆ, ಯಂತ್ರವನ್ನು ಮಲಗಿಸಿದೆ, ಎಬ್ಬಿಸಿದೆ. ಉಸಿರಿಲ್ಲ.

ನಗುತ್ತಾ ಬರೆಯುತ್ತಿದ್ದೇನೆಂದು ತಿಳಿಯಬೇಡ. ಅಪ್ಪ ಊಟ ಬಿಟ್ಟಿದ್ದಾರೆ. ನಿನ್ನ ಅತ್ತಿಗೆ ಬೇಡಿಕೊಂಡರೆ ಅರ್ಧ ಲೋಟ ಹಾಲು. ಗೋಡೆಯ ಒಂಬತ್ತು ಗಡಿಯಾರಗಳಿಗೆ ಕೀ ಕೊಡುವುದನ್ನೂ ನಿಲ್ಲಿಸಿದ್ದಾರೆ; ಒಂದೊಂದೂ ಒಂದೊಂದು ಹೊತ್ತಿಗೆ ನಿಂತಿದೆ. ಮಾತಾಡಿಸಿದರೆ ಒಂದೇ ಪ್ರಶ್ನೆ: "ದೊಡ್ಡೋನೇ, ಚಿಕ್ಕೋನು ಹೇಗಿದಾನೆ? ನಿಜ ಹೇಳೋ." ಚೆನ್ನಾಗಿದಾನಪ್ಪ ಅಂದರೆ ಮುಖ ಗೋಡೆಗೆ ತಿರುಗಿಸುತ್ತಾರೆ. ಡಾಕ್ಟರು ಬಂದು ನೋಡಿ, ದೇಹದಲ್ಲಿ ಕೆಟ್ಟಿರೋದು ಏನೂ ಕಾಣ್ತಿಲ್ಲ, ಹೀಗೇ ಹೋದ್ರೆ ಇನ್ನೊಂದು ವಾರ ತಡೆಯೋದು ಕಷ್ಟ ಎಂದರು. ಯಾವ ನಂಬರು ಖಾಲಿಯಿದೆ ಎಂದಷ್ಟೇ ಬರೆದು ಕಳಿಸು, ನಿನ್ನ ಕಾಲಿಗೆ ಬೀಳುತ್ತೇನೆ. ವಯಸ್ಸಿನಲ್ಲಿ ದೊಡ್ಡವನು ಬಿದ್ದರೆ ನಿನ್ನ ಆಯುಸ್ಸು ಕಡಿಮೆಯಾದೀತೆಂದು ಅತ್ತಿಗೆ ಬೈಯುತ್ತಾಳೆ. ಹಾಗಾಗಿ ಕಾಗದದಲ್ಲಿ ಮಾತ್ರ.

ಅತ್ತಿಗೆ ನಿನ್ನನ್ನು ಬಾಯ್ತುಂಬ ಕೇಳಿದ್ದಾಳೆ. ಬೆಚ್ಚಗಿರು, ಹೊಟ್ಟೆ ಕಟ್ಟಬೇಡ. ದೊಡ್ಡವನಾಗಿ ನನ್ನಲ್ಲಿ ಉಳಿದಿರುವಷ್ಟು ಆಶೀರ್ವಾದ ಎಲ್ಲವೂ ನಿನಗೇ.

ಇಂತಿ ನಿನ್ನ ಅಣ್ಣ,
ಕಾರ್ಡು ಎರಡು, ಬುದ್ಧಿ ಬರಡು

ಮರೆತಿದ್ದೆ: ಅಲ್ಲ, ಮರೆತಿರಲಿಲ್ಲ. ನಂಬರು ಕಳಿಸಬೇಡ. ಕಾರ್ಡುಗಳ ಜಗಳ ಮಂಗಳವಾರವೇ ಮುಗಿಯಿತು. ಹಳೆಯದನ್ನು ಕಿತ್ತೆ, ಹೊಸದು ಮಾತಾಡಿತು, ನಿನ್ನ ಧ್ವನಿಯಲ್ಲಿ. ಅಪ್ಪ ಆಗ ಕೆಳಗೆ ಮಲಗಿದ್ದರು. ನಿನ್ನ ಧ್ವನಿಯಿದ್ದ ಕಡತಗಳನ್ನೆಲ್ಲ ಅಳಿಸಿ, ಹನ್ನೆರಡು ಗಂಟೆಗಳನ್ನೂ ಅವುಗಳ ನಿಮಿಷಗಳನ್ನೂ ನಾನೇ ಹೇಳಿ ತುಂಬಿಸಿದೆ. ಮಾರನೆಯ ಬೆಳಿಗ್ಗೆ ಅಪ್ಪ ಕೀಲಿ ಒತ್ತಿದರು. "ಗಂಟೆ ಹತ್ತು, ಮಾತ್ರೆ ಹೊತ್ತು" ಎಂದಿತು ನನ್ನ ದನಿ. ಅವರು ಬಹಳ ಹೊತ್ತು ಕೀಲಿಯ ಮೇಲಿನ ಕೈ ತೆಗೆಯಲಿಲ್ಲ. "ಅವನು ಬದುಕಿಲ್ಲ, ಅಲ್ವಾ? ಅದಕ್ಕೇ ಅವನ ದನಿ ತೆಗೆದ್ಯಾ?" ಎಂದರು. ನಾನು ತಂತಿ ಕಿತ್ತು, ಮತ್ತೆ ಕೆಟ್ಟಿತಪ್ಪ ಎಂದೆ. ಅಂದಿನಿಂದ ನಾನು ಹೇಳುವ ಯಾವುದನ್ನೂ ಅವರು ನಂಬುತ್ತಿಲ್ಲ. ಗಣಿ ಕಚೇರಿಯ ಫೋನಿನಿಂದಾದರೂ ಕರೆ ಮಾಡು. ನನ್ನ ಹತ್ತಿರ ಮಾತು ಬೇಡ. ಅಪ್ಪನಿಗೆ ಗಂಟೆ ಎಷ್ಟೆಂದು ಹೇಳು, ಸಾಕು. ಕೈತಪ್ಪಿ ಅಳಿಸಿದ್ದಲ್ಲ, ತಮ್ಮಾ. ನಲವತ್ತು ಸಲ ನಿನ್ನನ್ನು ಕರೆಯುವ ಆ ಬೆರಳು ಒಂದು ಸಲ ನನ್ನನ್ನು ಕರೆಯಲಿ ಎಂದು ಅಳಿಸಿದೆ.