ತುಟಿ ಮಾತ್ರ ಆಡಿಸು ಅಂದವನು

ಮಗಳೇ ಶಿಹೊ,

ನಿನಗೆ ನಾನು ಕಾಗದ ಬರೆದವನೇ ಅಲ್ಲ. ಹೊಸ ವರ್ಷದ ಕಾರ್ಡಿನಲ್ಲಿ ನಾನು ಹೆಸರು ಗೀಚಿ ಕೊಟ್ಟರೆ ಉಳಿದದ್ದನ್ನೆಲ್ಲ ನಿನ್ನ ಅಮ್ಮನೇ ತುಂಬುತ್ತಿದ್ದಳು. ಅವಳು ಹೋಗಿ ಎರಡು ವರ್ಷವಾಯಿತು. ಈಗ ಪೂರ್ತಿ ನಾನೇ ಬರೆಯಬೇಕು, ಅದೂ ಅವಳ ವಿಷಯವನ್ನೇ.

ಹೋದ ಭಾನುವಾರ ಮೊಮ್ಮಗಳು ಚಿಯೊಳ ಹುಟ್ಟುಹಬ್ಬಕ್ಕೆ ನಗೋಯಾದಲ್ಲಿ ನಿಮ್ಮ ಮನೆ ಹತ್ತಿರದ ಕರೋಕೆ ಕೋಣೆಗೆ ಹೋಗಿದ್ದೆವಲ್ಲ. ಎಲ್ಲರೂ ಸೇರಿ ಹಾಡುವ ಹಾಡು ಬಂದಾಗ ಚಿಯೊ ಸೋಫಾ ಹತ್ತಿ ಕುಣಿದಳು, ನಿನ್ನ ಗಂಡ ಖಂಜರಿ ಬಡಿದ. ನೀನೂ ಮೈಕು ಹಿಡಿದು ನಿಂತೆ. ಪರದೆಯ ಮೇಲೆ ಅಕ್ಷರಗಳು ಬಣ್ಣ ಬದಲಿಸುತ್ತ ಓಡಿದಂತೆ ನಿನ್ನ ತುಟಿಯೂ ಓಡಿತು. ದನಿ ಮಾತ್ರ ಇರಲಿಲ್ಲ. ಅವರಿಬ್ಬರಿಗೂ ಅದು ತಿಳಿಯಲಿಲ್ಲ. ನನಗೆ ತಿಳಿಯಿತು. ಕಲಿಸಿದವನು ನಾನಲ್ಲವೇ?

ಆಮೇಲೆ ಜ್ಯೂಸು ತರಲು ಹೊರಗೆ ಬಂದಾಗ ನೀನು ಅಂದೆ: "ಚಿಯೊ ಕಿವೀನ ವರ್ಷಕ್ಕೆ ಎರಡು ಸಲ ತೋರಿಸ್ತೀನಪ್ಪ. ಅಮ್ಮನ ಥರ ಕಣ್ಮುಚ್ಕೊಂಡು ಕೂರೋಳಲ್ಲ ನಾನು."

ನಾನು ಲೋಟ ತುಂಬಿಸಿಕೊಂಡು "ಹೂಂ" ಅಂದೆ. ಆ ಒಂದು ಹೂಂ ವಾರದಿಂದ ನನ್ನನ್ನು ಕೂರಲು ಬಿಡುತ್ತಿಲ್ಲ.

ನಿನಗಾಗ ಒಂಬತ್ತು ವರ್ಷ, ನಿನ್ನ ತಮ್ಮ ತೊಮೊಕಿಗೆ ಆರು. ತಕಾವೊಕಾದಲ್ಲಿ ನನ್ನದು ಪೂಜೆಯ ಬಟ್ಟಲುಗಂಟೆಗಳಿಗೆ ನಾದ ಕೂರಿಸುವ ಕೆಲಸ. ಸುತ್ತಿಗೆಯಿಂದ ಅಂಚನ್ನು ತಟ್ಟಿ, ಕಿವಿಗೊಟ್ಟು, ಮತ್ತೆ ತಟ್ಟಿ, ದನಿ ನಡುಗದೆ ನಿಲ್ಲುವವರೆಗೆ ಬಿಡುತ್ತಿರಲಿಲ್ಲ. ಊರಿನಲ್ಲಿ ನಮ್ಮ ಮನೆತನದ ಹೆಸರು ಹಿಡಿದು ಉಶಿಜಿಮಾನ ಕಿವಿ ಎಂದರೆ ಒಂದು ಮರ್ಯಾದೆ ಇತ್ತು. ಆ ಮರ್ಯಾದೆ ನನ್ನ ತಲೆಗೇರಿತ್ತು. ಭಾನುವಾರ ನಾವು ನಾಲ್ವರೂ ಕರೋಕೆಗೆ ಹೋದರೆ ಬೇರೆ ಮನೆಯವರಿಗೆ ಅದು ಆಟ, ನನಗೆ ಅದೂ ಗಂಟೆಯ ಕೆಲಸವೇ.

ಆ ವರ್ಷ ಪೇಟೆಬೀದಿಯವರು ಮನೆಮಂದಿ ಸೇರಿ ಹಾಡುವ ಸ್ಪರ್ಧೆ ಇಟ್ಟರು. ಕರೋಕೆ ಯಂತ್ರ ಕೊಡುವ ಅಂಕವೇ ತೀರ್ಪು. ಗೆದ್ದವರಿಗೆ ಬಿಸಿನೀರಿನ ಬುಗ್ಗೆಯಿರುವ ವಸತಿಗೃಹದಲ್ಲಿ ಎರಡು ದಿನ. ನಾನು ಆರಿಸಿದ್ದು ಬಸವನಹುಳು ಶಾಲೆಗೆ ಹೊರಟ ಹಾಡು. ಅಪ್ಪ ಒಂದು ಸಾಲು, ಅಮ್ಮ ಒಂದು ಸಾಲು, ನಡುವೆ ಮಕ್ಕಳು "ಇನ್ನೂ ಎಷ್ಟು ದೂರ" ಎಂದು ಕೇಳಬೇಕು. ನೀನು ಪ್ರತಿಸಲವೂ ತಡವಾಗಿ ಕೇಳುತ್ತಿದ್ದೆ, ಅದೂ ಅಪಸ್ವರದಲ್ಲಿ. ಹಿಂದಿನ ವರ್ಷ ಹಾಗಿರಲಿಲ್ಲ. ಹೋದಾಗಲೆಲ್ಲ ನೀನು ಸೋಫಾದ ಎಡತುದಿಯಲ್ಲೇ ಕೂತು, ಕತ್ತು ಹೊರಳಿಸಿ, ಬಲಗಿವಿಯನ್ನೇ ನಮ್ಮ ಕಡೆ ಕೊಡುತ್ತಿದ್ದೆ. ಕೂದಲೆಳೆಯಷ್ಟು ನಡುಕವನ್ನೂ ಹಿಡಿಯುವ ನಾನು ಇದನ್ನು ನೋಡಿದೆ, ಹಟ ಎಂದುಕೊಂಡೆ.

"ಏನೇ ಅದು, ಕಬ್ಬಿಣದ ಬಾಣಲೆ ಉಜ್ಜಿದ ಹಾಗೆ! ತೊಮೊಕಿ ನಿನಗಿಂತ ಚಿಕ್ಕೋನು, ಅವನನ್ನ ನೋಡಿ ಕಲಿ."

ತೊಮೊಕಿ ನಕ್ಕ. ನೀನೂ ನಕ್ಕೆ. ಯಂತ್ರ ಎಪ್ಪತ್ತೊಂದು ಕೊಟ್ಟಿತು. ಜುಲೈನ ಒಂದು ಮಧ್ಯಾಹ್ನ ನನ್ನ ತಾಳ್ಮೆ ಕೆಟ್ಟು ಆ ಮಾತು ಆಡಿದೆ: "ಶಿಹೊ, ನೀನು ತುಟಿ ಮಾತ್ರ ಆಡಿಸು. ದನಿ ತೆಗೀಬೇಡ. ಯಾರಿಗೂ ಗೊತ್ತಾಗಲ್ಲ." ನೀನು ತಲೆಯಾಡಿಸಿ, ಹೇಳಿದ ಹಾಗೇ ಮಾಡಿದೆ. ಎಂಬತ್ತೊಂಬತ್ತು ಬಂತು. ನಾವು ಮೂವರೂ ಕೈಗೆ ಕೈ ತಟ್ಟಿಕೊಂಡಾಗ ನೀನೂ ಕೈ ಎತ್ತಿದೆ.

ಇಲ್ಲಿಯವರೆಗಿನದು ನಿನಗೆ ಗೊತ್ತಿದೆ. ಗೊತ್ತಿಲ್ಲದ್ದು ಮುಂದಿದೆ.

ಅದಕ್ಕೂ ಮೊದಲೇ, ಜೂನ್‌ನಲ್ಲಿ, ನಿನ್ನ ಅಮ್ಮ ದಿಂಬಿನ ಚೀಲ ಹಿಡಿದುಕೊಂಡು ನನ್ನ ಹತ್ತಿರ ಬಂದಿದ್ದಳು. "ರೀ, ಇದನ್ನ ಮೂಸಿ ನೋಡಿ. ಶಿಹೊ ಎಡಗಿವಿ ಸೋರ್ತಿದೆ, ವಾಸನೆ ಬರ್ತಿದೆ. ಡಾಕ್ಟರಿಗೆ ತೋರಿಸೋಣ." ಈಜುಕೊಳದ ನೀರು ಹೋಗಿರುತ್ತದೆ ಎಂದೆ. ಜುಲೈನಲ್ಲಿ ಮತ್ತೆ ಕೇಳಿದಳು. "ಡಾಕ್ಟ್ರು ಹಾಡಬೇಡ ಅಂದ್ರೆ ಏನ್ಮಾಡ್ತೀಯ? ನಾಲ್ಕು ಜನ ಇರಲೇಬೇಕು ಅಂತ ನಿಯಮ ಇದೆ. ಸ್ಪರ್ಧೆ ಮುಗೀಲಿ" ಎಂದೆ. ಆಗಸ್ಟಿನಲ್ಲಿ ಅವಳು ಕೇಳಲೇ ಇಲ್ಲ. ನಿನಗೆ ಟೋಪಿ ಹಾಕಿ, ಚಪ್ಪಲಿ ಮೆಟ್ಟಿಸಿ ಬೀದಿಗೆ ಕಳಿಸಿ, ತಾನು ಆಸ್ಪತ್ರೆಗೆ ಬೇಕಾದ ವಿಮೆಯ ಚೀಟಿ ಕೈಯಲ್ಲಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ನಾನು ಅಡ್ಡ ನಿಂತೆ.

"ನನ್ನ ಮಾತು ಮೀರಿ ಹೋಗೋದಾದ್ರೆ ಹೋಗು. ವಾಪಸ್ ಈ ಮನೆಗೆ ಬರಬೇಡ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು, ನಿನ್ನನ್ನು ಒಳಗೆ ಕರೆದು, ಐಸ್ ಕ್ಯಾಂಡಿ ಕೊಟ್ಟಳು. ಅಂಗಡಿಗೆಂದು ಹೇಳಿ ಅವಳು ನಿನ್ನನ್ನು ಹೊರಡಿಸಿದ್ದಳು, ಅದು ತಪ್ಪಿತು ಎಂದು ನೀನು ಮುನಿಸಿಕೊಂಡಿದ್ದೆ.

ಸೆಪ್ಟೆಂಬರಿನಲ್ಲಿ ತೊಂಬತ್ತನಾಲ್ಕು ಅಂಕ ಪಡೆದು ನಾವು ಗೆದ್ದೆವು. ಬಹುಮಾನದ ವಸತಿಯಲ್ಲಿ ಮೊದಲ ಸಂಜೆಯೇ, ಸ್ನಾನಕ್ಕೆ ಹೋಗುವ ಕಾರಿಡಾರಿನಲ್ಲಿ, ನೀನು ಗೋಡೆ ಹಿಡಿದು "ಅಮ್ಮ, ನೆಲ ತಿರುಗ್ತಿದೆ" ಎಂದು ಕುಸಿದೆ. ಕಿವಿಯೊಳಗೆ ಏನೋ ಬೆಳೆದು ಪುಟ್ಟ ಮೂಳೆಗಳನ್ನು ತಿಂದುಹಾಕಿತ್ತು. ಶಸ್ತ್ರಚಿಕಿತ್ಸೆಯಿಂದ ಜೀವಕ್ಕೆ ಅಪಾಯ ತಪ್ಪಿತು, ಎಡಗಿವಿ ಹೋಯಿತು. ಬೇಸಿಗೆಯಲ್ಲೇ ತಂದಿದ್ದರೆ ಉಳಿಯುತ್ತಿತ್ತೇನೋ ಎಂದರು ವೈದ್ಯರು. ಸೋರುವುದು ಶುರುವಾಗಿದ್ದು ಯಾವಾಗ ಎಂದು ಅವರು ಕೇಳಿದಾಗ ನೀನು ಬ್ಯಾಂಡೇಜು ಕಟ್ಟಿದ ತಲೆಯಲ್ಲಿ ನಮ್ಮಿಬ್ಬರ ನಡುವೆ ಕೂತಿದ್ದೆ.

ನಾನೇ ಬಾಯಿಬಿಟ್ಟೆ. "ಮಕ್ಕಳನ್ನ ನೋಡ್ಕೊಳ್ಳೋದು ಇವಳು. ಇವಳಿಗೇ ಗೊತ್ತಿರಬೇಕು."

ನಿನ್ನ ಅಮ್ಮ ಹಣೆ ಮೊಣಕಾಲಿಗೆ ತಾಗುವಷ್ಟು ಬಾಗಿದಳು. "ನಾನು ಗಮನಿಸಲಿಲ್ಲ. ಕ್ಷಮಿಸಿ."

ನೀನು ಅದನ್ನು ಬಲಗಿವಿಯಲ್ಲಿ ಕೇಳಿದೆ. ಕೇಳಿದ್ದನ್ನು ನಂಬಿದೆ. ನಿನಗೆ ಹದಿನೈದಾಗಿದ್ದ ಚಳಿಗಾಲದಲ್ಲಿ, ಶಾಲೆಯ ಗಾಯನ ತಂಡದಿಂದ ನಿನ್ನನ್ನು ಕೈಬಿಟ್ಟ ದಿನ, ಮನೆಗೆ ಬಂದು ಅವಳನ್ನೇ ಕೇಳಿದೆ: "ದಿನಾ ನನ್ನ ದಿಂಬು ಒಗೀತಿದ್ದೆಯಲ್ಲ, ನಿನಗೆ ಮೂಗಿರಲಿಲ್ವಾ ಅಮ್ಮ?" ನಾನು ಅಲ್ಲೇ ಕಿತ್ತಳೆ ಸುಲಿಯುತ್ತ ಕೂತಿದ್ದೆ. ಅವಳು ಒಮ್ಮೆ ನನ್ನ ಕಡೆ ನೋಡಿದಳು. ನಾನು ಸುಲಿಯುತ್ತಲೇ ಇದ್ದೆ. "ತಪ್ಪಾಯ್ತು ಕಣೇ" ಎಂದಳು ಅವಳು. ಅಷ್ಟೇ. ಅದಾದ ಮೇಲೆ ನೀನು ಅವಳೊಡನೆ ಬೇಕಾದಷ್ಟೇ ಮಾತಾಡಿದೆ. ನಗೋಯಾಕ್ಕೆ ಓದಲು ಹೋದವಳು ಫೋನು ಮಾಡಿದರೆ "ಅಪ್ಪಂಗೆ ಕೊಡು" ಅನ್ನುತ್ತಿದ್ದೆ. ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡು ಫೋನು ನನಗೆ ಕೊಟ್ಟು, ನಾನು ಮಾತಾಡಿ ಮುಗಿಸುವವರೆಗೂ ಪಕ್ಕದಲ್ಲೇ ನಿಂತಿರುತ್ತಿದ್ದಳು. "ಏನಂದ್ಳು? ಊಟ ಸರಿಯಾಗಿ ಮಾಡ್ತಿದ್ದಾಳಂತಾ?"

ಕೊನೆಯ ದಿನಗಳಲ್ಲಿ, ಆಸ್ಪತ್ರೆಯಲ್ಲಿ, ಶಿಹೊಗೆ ಎಲ್ಲ ಹೇಳಿಬಿಡುತ್ತೇನೆ ಎಂದೆ ನಾನು. ಅವಳ ದನಿ ಆಗಲೇ ಸಣ್ಣಗಾಗಿತ್ತು. "ಈಗ ಬೇಡ. ನಾನಂತೂ ಹೊರಟೆ. ಅವಳಿಗೆ ಅಪ್ಪನೂ ಇಲ್ಲದ ಹಾಗೆ ಮಾಡಬೇಡಿ." ಸತ್ಯ ಹೇಳುತ್ತೇನೆ, ಆ ಮಾತು ಕೇಳಿ ನನಗೆ ಎದೆಯ ಭಾರ ಇಳಿದಂತಾಯಿತು. ಸಾಯುತ್ತಿರುವವಳ ಅಪ್ಪಣೆ ಎಂದು ಅದರ ಹಿಂದೆ ಅಡಗಿಕೊಂಡೆ. ಎರಡು ವರ್ಷ ಹಾಗೇ ಅಡಗಿದ್ದೆ.

ಬುಧವಾರ ತೊಮೊಕಿಗೆ ಫೋನು ಮಾಡಿ ಮೊದಲು ಅವನಿಗೆ ಹೇಳಿದೆ. "ಗೊತ್ತಪ್ಪ. ಅವತ್ತು ನೀವು ಅಮ್ಮಂಗೆ ಅಡ್ಡ ನಿಂತಾಗ ಮೆಟ್ಟಿಲ ಮೇಲೆ ಕೂತಿದ್ದೆ ನಾನು" ಎಂದ.

"ಅಕ್ಕಂಗೆ ಯಾಕೋ ಹೇಳಲಿಲ್ಲ?"

"ಅಮ್ಮ ಆಣೆ ಹಾಕಿಸ್ಕೊಂಡಿದ್ಳು. ನೀವೇ ಹೇಳ್ತೀರ ಅಂತ ಅಮ್ಮ ಇರೋ ತನಕ ಕಾದೆ."

ಅವನು ಬೈದಿದ್ದರೆ ಸುಲಭವಿತ್ತು. ಬೈಯಲಿಲ್ಲ. ಚಹಾ ತಣ್ಣಗಾಗುತ್ತಿದೆ ಎಂದು ಹೇಳಿ ಫೋನು ಇಟ್ಟ.

ಶಿಹೊ, ಕ್ಷಮಿಸು ಎಂದು ಕೇಳಲು ನಾನು ಇದನ್ನು ಬರೆಯುತ್ತಿಲ್ಲ. ಕ್ಷಮಿಸಬೇಕಾಗಿದ್ದವಳು ಮಣ್ಣಾಗಿದ್ದಾಳೆ, ಅವಳ ಹತ್ತಿರ ನಾನು ಕೇಳಲೇ ಇಲ್ಲ. ನಿನಗೆ ತಿಳಿಯಬೇಕಾದದ್ದು ಇಷ್ಟೇ: ನಿನ್ನ ಅಮ್ಮನಿಗೆ ಮೂಗಿತ್ತು, ಕಣ್ಣಿತ್ತು. ಮೂರು ಸಲ ನಿನಗಾಗಿ ಎದ್ದು ನಿಂತಳು, ಮೂರು ಸಲವೂ ನಾನು ಕೂರಿಸಿದೆ. ಮೂರನೆಯ ಸಲ ಆ ಹೊಸ್ತಿಲು ದಾಟದೆ ಇದ್ದದ್ದಕ್ಕೆ ಅವಳು ಸಾಯುವವರೆಗೂ ತನ್ನನ್ನು ತಾನೇ ಬೈದುಕೊಂಡಳು. ನನ್ನನ್ನು ಒಂದು ದಿನವೂ ಬೈಯಲಿಲ್ಲ.

ಇದನ್ನು ಓದಿದ ಮೇಲೆ ಚಿಯೊಳನ್ನು ನನ್ನ ಹತ್ತಿರ ಕರೆತರಲು ನಿನಗೆ ಮನಸ್ಸಾಗದೆ ಹೋದರೆ ಅದು ನ್ಯಾಯವೇ. ನಾನು ಯಾಕೆ ಎಂದು ಕೇಳುವುದಿಲ್ಲ. ಆಗಸ್ಟಿನಲ್ಲಿ ತೀರಿಹೋದ ಹಿರಿಯರನ್ನು ಮನೆಗೆ ಕರೆಯುವ ದಿನಗಳು ಬಂದಾಗ ತೊಮೊಕಿಯ ಜೊತೆ ನೀನು ಸಮಾಧಿಗೆ ಹೋಗು. ಆ ಮೂರು ದಿನ ನಾನು ಆ ಕಡೆ ಸುಳಿಯುವುದಿಲ್ಲ. ಅವಳೊಡನೆ ಮಾತಾಡುವುದು ನಿನಗೆ ಬಹಳ ಬಾಕಿ ಇದೆ, ನಡುವೆ ನಾನು ನಿಲ್ಲಬಾರದು.

ಅಂಚೆ ಪೆಟ್ಟಿಗೆ ಬೀದಿಯ ಕೊನೆಯಲ್ಲೇ ಇದೆ. ಮತ್ತೊಮ್ಮೆ ಓದಿದರೆ ಹರಿದುಹಾಕುತ್ತೇನೆಂದು ನನಗೆ ಗೊತ್ತು. ಅದಕ್ಕೇ ಓದದೆ ಈಗಲೇ ಹೊರಟೆ.

ನಿನ್ನ ಮನೆ ತಣ್ಣಗಿರಲಿ. ಚಿಯೊ ಗಟ್ಟಿ ದನಿಯಲ್ಲಿ, ಬೇಕಾದ ಹಾಗೆ, ತಪ್ಪು ತಪ್ಪಾಗಿ ಹಾಡಿಕೊಂಡು ಬೆಳೆಯಲಿ. ಹರಸುವ ಹಕ್ಕು ಉಳಿದಿದೆಯೋ ಇಲ್ಲವೋ ಕಾಣೆ, ಹರಸಿದ್ದೇನೆ.

ನಿನ್ನ ಅಪ್ಪ,
ಯಸುಹಾರು