ಹದಿನೇಳನೆಯ ಪಟ್ಟೆ

ತಂಗಿ ಮನ್ವಿತಾ,

ಹನ್ನೊಂದು ಗಂಟೆಗೆ ನಿನ್ನ ಚಿತ್ರ ಮುಂಬೈ ಲಾರಿ ಹತ್ತುತ್ತದೆ. ಈಗ ಬೆಳಿಗ್ಗೆ ಏಳೂಕಾಲು. ಫೋನಿನಲ್ಲಿ ಹೇಳಹೊರಟರೆ ನಾನು ಮಾತಿನಲ್ಲೇ ಜಾರಿಕೊಳ್ಳುತ್ತೇನೆ, ಅದು ನಿನಗೂ ಗೊತ್ತುಂಟು. ಹಾಗಾಗಿ ಬರೆದು, ಒಂದು ಡಬ್ಬಿಯ ಜೊತೆ ಕಳುಹಿಸುತ್ತಿದ್ದೇನೆ. ಡಬ್ಬಿ ತೆರೆಯುವ ಮೊದಲು ಇದನ್ನು ಓದು.

ಎರಡು ವರ್ಷದ ಹಿಂದೆ ನೀನು ಬಿಜೈಯ ನನ್ನ ಪೈಂಟ್ ಅಂಗಡಿಗೆ ಬಂದು, ಕೆಡವಿದ ಮನೆಯೊಂದರ ಗಾರೆಯ ಚೂರನ್ನು ಮೇಜಿನ ಮೇಲೆ ಇಟ್ಟೆ. "ಕಬೀರಣ್ಣ, ಇದೇ ಬಣ್ಣ ಬೇಕು. ಇದರ ಹತ್ತಿರದ್ದು ಬೇಡ." "ಬಿದ್ದ ಮನೆಗೆ ಪೈಂಟ್ ಎಂತಕ್ಕೆ ಮಾರಾಯ್ತಿ?" ಎಂದು ನಾನು ನಗಾಡಿದೆ. ಆಮೇಲೆ ಕೆಡವಿದ ನಲವತ್ತೊಂದು ಮನೆ, ನಲವತ್ತೊಂದು ಡಬ್ಬಿ. ನೀನು ಬರೆದ ಚಿತ್ರ ನೋಡಿದರೆ ಬಾಗಿಲಿಲ್ಲ, ಹಂಚಿಲ್ಲ, ಬರೀ ಉದ್ದುದ್ದ ಪಟ್ಟೆಗಳು. "ಇದೆಂತ, ಶೇಡ್ ಕಾರ್ಡಾ?" ಎಂದೆ. ಆದರೆ ದೂರ ನಿಂತು ನೋಡಿದಾಗ ಒಂದೊಂದು ಪಟ್ಟೆಯಲ್ಲೂ ನನಗೆ ಒಂದೊಂದು ಮನೆಯ ಗೇಟು ಕಂಡಿತು. ಆ ಜಾಗದಲ್ಲೆಲ್ಲ ಎದ್ದ ಫ್ಲ್ಯಾಟುಗಳಿಗೆ ಕ್ರೀಮು, ಬೂದು ಕೊಟ್ಟವನೂ ನಾನೇ. ಎರಡೂ ಕಡೆ ವ್ಯಾಪಾರ ಮಾಡಿದವನು.

ಈಗ ಹದಿನೇಳನೆಯ ಪಟ್ಟೆ. ಉಮಾವತಿಯಮ್ಮನ ಮನೆ. ಅದರ ಚೂರು ತಂದ ಶನಿವಾರ ಬಣ್ಣ ಕಲಸುವ ಮಿಶಿನಿನಲ್ಲಿ ಕಪ್ಪು ಮುಗಿದಿತ್ತು, ನೀನು ಅವಸರದಲ್ಲಿದ್ದೆ. ನಾನು ಕಪ್ಪಿಲ್ಲದೆಯೇ ಹಸಿರು ಕಲಸಿ ಕೊಟ್ಟೆ. ನೀನು ಚೂರು ವಾಪಸು ಕೇಳಿದಾಗ ಪುಡಿಯಾಯಿತು ಎಂದೆ. ನೀನು ಹೋಲಿಸಿ ನೋಡಬಾರದೆಂದು ಪುಡಿ ಮಾಡಿದವನು ನಾನು. ಬಿದ್ದುಹೋದ ಮನೆಯ ಬಣ್ಣ ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂದು ಲೆಕ್ಕ ಹಾಕಿದ್ದೆ.

ಅವರು ನೆನಪಿಟ್ಟಿದ್ದರು. ನಿನ್ನೆ, ಇಲ್ಲಿ ನಿನ್ನ ಚಿತ್ರದ ಪ್ರದರ್ಶನದ ಕೊನೆಯ ದಿನ, ಆ ಪಟ್ಟೆಯ ಎದುರು ನಿಂತು, "ಇದು ನಮ್ಮ ಗೋಡೆ ಅಲ್ಲ. ಇದು ಆಸ್ಪತ್ರೆಯ ಹಸಿರು" ಎಂದರು. ಮಗ ಮಹಾಬಲ ಸ್ವರ ತಗ್ಗಿಸಿ ನಮಗೆ ಹೇಳಿದ: "ಅಮ್ಮನಿಗೆ ಈಗೀಗ ಎಲ್ಲ ಕಲಸಿಹೋಗ್ತದೆ. ಸೋಮವಾರ ಡಾಕ್ಟರಿಗೆ ತೋರಿಸ್ತೇನೆ." ನೀನೂ ಅವರ ಕೈ ಹಿಡಿದು, "ಇಲ್ಲಮ್ಮ, ನಿಮ್ಮ ಗೋಡೆಯ ಚೂರು ನೋಡಿಯೇ ಮಾಡಿಸಿದ್ದು" ಎಂದೆ. ಅವರು ನನ್ನ ಕಡೆ ತಿರುಗಿದರು. "ಕಬೀರ, ನೀನು ಹೇಳು ಮಾರಾಯ. ನಮ್ಮ ಮನೆಗೆ ಮೂರು ಸಲ ಪೈಂಟ್ ಕೊಟ್ಟವನು ನೀನಲ್ಲವಾ?"

ನಲವತ್ತು ವರ್ಷ ಬಾಯಿಯಿಂದಲೇ ಬದುಕಿದ ನಾನು ಚಪ್ಪಲಿ ನೋಡುತ್ತ ನಿಂತೆ. "ಹಾಗಾದರೆ ನನಗೇ ತಪ್ಪಿರಬೇಕು" ಎಂದರು. ಕಾರು ಹತ್ತುವಾಗ ಮಗನೊಡನೆ ಕೇಳಿದ್ದು ನನಗೆ ಕೇಳಿಸಿತು: "ನಮ್ಮ ಬಾವಿ ಎಡಕ್ಕೆ ಇತ್ತಲ್ಲ? ಅದಾದರೂ ಸರಿಯಾ?"

ಮಿಶಿನು ಬರುವ ಮೊದಲು ಕೈಯಲ್ಲಿ ಕಲಸುತ್ತಿದ್ದ ಕಾಲದ ನನ್ನ ಪುಸ್ತಕದಲ್ಲಿ ಆ ಮನೆ ಉಂಟು. ಪಿಸ್ತಾ ಹಸಿರಿಗೆ ಕಪ್ಪು ಒಂದೂವರೆ ಮುಚ್ಚಳ. ಹಾಗೆಯೇ ಕಲಸಿದ್ದು ಈ ಡಬ್ಬಿ. ಒಂದು ಗಂಟೆಯಲ್ಲಿ ಒಣಗುತ್ತದೆ. ಹಚ್ಚುತ್ತೀಯೋ, ಚಿತ್ರವನ್ನು ಹಾಗೆಯೇ ಕಳುಹಿಸುತ್ತೀಯೋ, ನಿನಗೆ ಬಿಟ್ಟದ್ದು. ಇನ್ನು ನನ್ನ ಅಂಗಡಿ ಮೆಟ್ಟಲು ಹತ್ತದಿದ್ದರೂ ನ್ಯಾಯವೇ.

ಇದೇ ಬಣ್ಣ ಹಚ್ಚಿದ ಹಲಗೆಯ ತುಂಡು ಹಿಡಿದು ನಾನು ಉಮಾವತಿಯಮ್ಮನ ಫ್ಲ್ಯಾಟಿಗೆ ಹೊರಟಿದ್ದೇನೆ. ಮಹಾಬಲ ಆಫೀಸಿಗೆ ಹೋಗುವ ಮೊದಲು ಮುಟ್ಟಬೇಕು, ತಪ್ಪಿದ್ದು ನಾನು ಎಂದು ಅವನ ಎದುರಿನಲ್ಲೇ ಹೇಳಬೇಕು. ಬಾವಿ ಎಡಕ್ಕೇ ಇತ್ತು ಎಂದೂ ಹೇಳುತ್ತೇನೆ.

ನಿನ್ನ ಕೈಗೆ ಇನ್ನು ಮೇಲೆ ಸುಳ್ಳು ಬಣ್ಣ ಸಿಗದಿರಲಿ.

ಚಪ್ಪಲಿ ಹಾಕಿಕೊಂಡಾಯಿತು,
ನಿನ್ನ ಕಬೀರಣ್ಣ